ಪುಟ್ಟ ಟೈರಿನ ಹಿಡಿತ

ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತಮುತ್ತ ಮನೆ ಏಳದ ಬಡಾವಣೆಗಳಿಗೇನೂ ಬರವಿಲ್ಲ. ಅನುಮತಿ ಪಡೆದು ಆರ್‌ಸಿ ಕಾರು ಓಡಿಸುವವರಿಗೆ ಅಲ್ಲಿನ ಖಾಲಿ ಡಾಂಬರು ರಸ್ತೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಟ್ರಿಗರ್ ಒತ್ತಿದಾಗಲೇ ಅಸಲಿ ವಿಷಯ ಗೊತ್ತಾಗುವುದು: ಕಾರು ಮುಂದಕ್ಕೆ ಚಿಮ್ಮುವ ಬದಲು ಗಿರ್ರನೆ ತಿರುಗಿ ಅಡ್ಡ ನಿಲ್ಲುತ್ತದೆ. ಮೋಟರು, ಬ್ಯಾಟರಿ ಎಲ್ಲ ಸರಿಯಾಗಿಯೇ ಇರುತ್ತವೆ. ರಾಗಿ ಹೊಲಗಳಿಂದ, ಪಾಯ ತೋಡಿದ ಸೈಟುಗಳಿಂದ ಹಾರಿಬಂದ ಕೆಂಪು ದೂಳು ಟೈರಿಗೆ ಕೇರಂ ಬೋರ್ಡಿನ ಪೌಡರಿನಂತೆ ಮೆತ್ತಿಕೊಂಡಿರುತ್ತದೆ.

ರೇಡಿಯೊ ತರಂಗದ ಮೂಲಕ ದೂರದಿಂದಲೇ ನಿಯಂತ್ರಿಸುವ ಕಾರುಗಳೇ ಆರ್‌ಸಿ ಕಾರುಗಳು. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಶೆ 934 ಮಾದರಿಯನ್ನು ತಂದ ಮೇಲೆ ಈ ಹವ್ಯಾಸ ಮನೆಮನೆ ತಲುಪಿತು. ಇಂದು ಹೆಚ್ಚು ಬಳಕೆಯಲ್ಲಿರುವುದು ನಿಜವಾದ ಕಾರಿನ ಹತ್ತನೇ ಒಂದರಷ್ಟು ಗಾತ್ರದ ಎಲೆಕ್ಟ್ರಿಕ್ ಮಾದರಿ. ತೂಕ ಒಂದೂವರೆ ಕಿಲೋದೊಳಗೆ, ರೇಸಿನ ಅವಧಿ ಸಾಮಾನ್ಯವಾಗಿ 5 ನಿಮಿಷ, ಟೈರಿನ ಅಗಲ ಸುಮಾರು ಒಂದು ಅಂಗುಲ. ಗೆಲುವು ಸೋಲು ನಿಂತಿರುವುದು ಆ ಒಂದು ಅಂಗುಲದ ಮೇಲೆ. ಅದಕ್ಕೇ ರೇಸಿಗರು ಮೋಟರಿಗಿಂತ ಟೈರಿನ ಆರೈಕೆಗೆ ಹೆಚ್ಚು ಹೊತ್ತು ಕೊಡುತ್ತಾರೆ.

ಮೊದಲು ಸ್ನಾನ

ಪೊಟ್ಟಣದಿಂದ ಆಗಷ್ಟೇ ತೆಗೆದ ಟೈರೂ ಜಾರುತ್ತದೆ. ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳಲು ಕಾರ್ಖಾನೆಯಲ್ಲಿ ಬಳಸುವ ಪದಾರ್ಥದ ತೆಳು ಪದರ ಅದರ ಮೇಲೆ ಉಳಿದಿರುತ್ತದೆ. ಸೋಪುನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಅದು ಹೋಗುತ್ತದೆ. ಓಡಿಬಂದ ಟೈರನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಬಟ್ಟೆಯಿಂದ ಒರೆಸಬೇಕು. ಮೊದಲು ಬರುವುದು ಕೆಂಪು, ಆಮೇಲೆ ಕಪ್ಪು. ಕಪ್ಪು ಬಂತೆಂದರೆ ದೂಳು ಕಳೆದು ರಬ್ಬರು ಸಿಕ್ಕಿತೆಂದು ಅರ್ಥ.

ಹಾಗೆಂದು ಟೈರನ್ನು ಬಕೆಟ್ಟಿನಲ್ಲಿ ನೆನೆಹಾಕುವಂತಿಲ್ಲ. ಗಾಳಿ ಹೋಗಲೆಂದು ಬಿಟ್ಟ ತೂತಿನಿಂದ ನೀರು ನುಗ್ಗಿ ಒಳಗಿನ ಸ್ಪಂಜನ್ನು ಸೇರುತ್ತದೆ. ಚಕ್ರ ತೂಕ ತಪ್ಪಿ ಅದುರತೊಡಗುತ್ತದೆ. ಅಸಿಟೋನ್ ಅಂತೂ ಬೇಡವೇ ಬೇಡ. ಟೈರನ್ನು ರಿಮ್ಮಿಗೆ ಅಂಟಿಸಿರುವ ಸೂಪರ್ ಗ್ಲೂ ಅದರಲ್ಲಿ ಕರಗುತ್ತದೆ.

ಆಮೇಲೆ ಎಣ್ಣೆ

ಹಿಡಿತ ಹೆಚ್ಚಿಸುವ ದ್ರಾವಣದ ಸರದಿ ಬರುವುದು ಇದಾದ ಮೇಲೆ. ಅಮೆರಿಕದ ಕಾರ್ಪೆಟ್ ಟ್ರ್ಯಾಕುಗಳಲ್ಲಿ ಹೆಸರು ಮಾಡಿದ ‘ಪ್ಯಾರಗಾನ್’ ದ್ರಾವಣದ ವಾಸನೆ ನಮ್ಮ ಮೂಗಿಗೆ ಹೊಸದೇನಲ್ಲ. ಅದು ವಿಂಟರ್‌ಗ್ರೀನ್ ಎಣ್ಣೆಯ ಘಮ. ನೋವಿನ ಮುಲಾಮುಗಳಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಈ ಎಣ್ಣೆಯ ಜೀವಾಳ. ಇಂಥ ಎಣ್ಣೆ ಕೊಡುವ ಗಾಲ್ತೇರಿಯಾ ಗಿಡ ಪಕ್ಕದ ನೀಲಗಿರಿ ಬೆಟ್ಟಗಳಲ್ಲೂ ಬೆಳೆಯುತ್ತದೆ. ಒಳಾಂಗಣದಲ್ಲಿ ಘಾಟು ತಡೆಯಲಾರದೆ ಹಲವು ಟ್ರ್ಯಾಕುಗಳು ವಾಸನೆಯ ದ್ರಾವಣಗಳನ್ನೇ ನಿಷೇಧಿಸಿದವು.

ದ್ರಾವಣ ರಬ್ಬರಿನ ಮೇಲ್ಪದರದೊಳಕ್ಕೆ ಇಳಿದು ಅದನ್ನು ತುಸು ಉಬ್ಬಿಸಿ ಮೆದುವಾಗಿಸುತ್ತದೆ. ಮೆದುವಾದ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿಕೊಂಡು ಹಿಡಿಯುತ್ತದೆ. ಹಚ್ಚಿ, ಒಂದಷ್ಟು ಹೊತ್ತು ನೆನೆಯಲು ಬಿಟ್ಟು, ಓಟಕ್ಕೆ ಮುನ್ನ ಒರೆಸಿ ತೆಗೆಯುವುದು ವಾಡಿಕೆ. ಬಿಸಿಯೂ ರಬ್ಬರನ್ನು ಹದಗೊಳಿಸುವುದರಿಂದ ಕೆಲವರು ಟೈರಿಗೆ ಬೆಚ್ಚನೆಯ ವಾರ್ಮರ್ ತೊಡಿಸುತ್ತಾರೆ.

ನಾಲ್ಕೂ ಟೈರಿಗೆ ಒಂದೇ ಸಮನೆ ಬಳಿದರೆ ಕೆಲಸ ಕೆಡಬಹುದು. ಅನುಭವಿಯ ಕೈ ಗಮನಿಸಿ: ಹಿಂದಿನ ಟೈರಿಗೆ ಪೂರ್ತಿ ಅಗಲಕ್ಕೆ ಹಚ್ಚುತ್ತಾನೆ, ಮುಂದಿನದಕ್ಕೆ ಒಳಮಗ್ಗುಲಿನ ಅರ್ಧಕ್ಕಷ್ಟೇ. ಮುಂದಿನ ಚಕ್ರ ಅತಿಯಾಗಿ ಕಚ್ಚಿದರೆ ಸ್ಟಿಯರಿಂಗ್ ಚುರುಕಾಗಿ ಹಿಂಭಾಗ ಜಾರುತ್ತದೆ. ಒಟ್ಟು ಹಿಡಿತವೇ ಮಿತಿಮೀರಿದರೆ ಕಾರು ತಿರುವಿನಲ್ಲಿ ಪಲ್ಟಿ ಹೊಡೆಯುತ್ತದೆ. ರೇಸಿಗರು ಇದನ್ನು ಟ್ರ್ಯಾಕ್ಷನ್ ರೋಲ್ ಎನ್ನುತ್ತಾರೆ. ಹಿಡಿತ ಹೆಚ್ಚಿದ್ದರೆ ಸಾಲದು, ಹಿಂದೆ ಮುಂದೆ ಹೊಂದಿಕೊಂಡಿರಬೇಕು.

ಈ ಕೈಚಳಕದಲ್ಲೇ ರೇಸು ತೀರ್ಮಾನವಾಗದಿರಲಿ ಎಂದು ಎಷ್ಟೋ ಸ್ಪರ್ಧೆಗಳಲ್ಲಿ ಎಲ್ಲರಿಗೂ ಒಂದೇ ಟೈರು, ಒಂದೇ ದ್ರಾವಣ ಎಂಬ ನಿಯಮವಿರುತ್ತದೆ.

ನಮ್ಮ ನೆಲಕ್ಕೆ ಏನು ಸರಿ?

ದ್ರಾವಣಕ್ಕೆ ಒಗ್ಗುವುದು ಕಾರ್ಪೆಟ್, ಇಲ್ಲವೇ ಚೊಕ್ಕಟವಾದ ಡಾಂಬರು. ಕೆಮ್ಮಣ್ಣು ಹಾರುವ ಕಡೆ ಅಂಟಂಟಾದ ಟೈರು ಇನ್ನಷ್ಟು ದೂಳನ್ನೇ ಬಾಚಿಕೊಳ್ಳುತ್ತದೆ. ನೆಲಮಂಗಲದ ಹುಡುಗನಿಗಾಗಲಿ ಹೊಸಕೋಟೆಯ ಹುಡುಗಿಗಾಗಲಿ ದುಬಾರಿ ಬಾಟಲಿಗಿಂತ ಮೊದಲು ಬೇಕಿರುವುದು ಒಂದು ಕಸಪೊರಕೆ, ಒಂದು ಒರೆಸುವ ಬಟ್ಟೆ.

ಬಾಟಲಿ ಮನೆಗೆ ಬಂದರೆ ಎಚ್ಚರಿಕೆಯೂ ಜೊತೆಗೆ ಬರಬೇಕು. ಒಂದು ಟೀ ಚಮಚ ಶುದ್ಧ ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಸುಮಾರು 20 ಆಸ್ಪಿರಿನ್ ಮಾತ್ರೆಗಳಷ್ಟು ಸ್ಯಾಲಿಸಿಲೇಟ್ ಇರುತ್ತದೆ. ಮಗುವಿನ ಬಾಯಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಕುಳಿತು ಹಚ್ಚಬೇಕು.

ಪಳಗಿದ ರೇಸಿಗರ ಪೆಟ್ಟಿಗೆಯಲ್ಲಿ ಟೈರಿನ ಜೊತೆ ಒಂದು ನೋಟ್‌ಬುಕ್ಕೂ ಇರುತ್ತದೆ: ಯಾವ ಟೈರು, ಎಷ್ಟು ಹೊತ್ತು ನೆನೆಸಿದ್ದು, ರಸ್ತೆಯ ಬಿಸಿ ಎಷ್ಟು, ಓಟ ಹೇಗಾಯಿತು. ಬೆಳಗಿನ ತಂಪಿನಲ್ಲಿ ಜಾರಿದ ಟೈರೇ ಮಧ್ಯಾಹ್ನದ ಕಾದ ಡಾಂಬರಿನಲ್ಲಿ ಕಚ್ಚಿ ಹಿಡಿಯಬಹುದು. ಒಮ್ಮೆಗೆ ಒಂದನ್ನೇ ಬದಲಿಸಿ ಆಗಿದ್ದನ್ನು ಬರೆದಿಟ್ಟುಕೊಳ್ಳುವ ಶಿಸ್ತು ರೂಢಿಯಾದರೆ, ಮುಂದಿನ ಭಾನುವಾರ ಟೈರು ಆರಿಸಲು ಯಾರನ್ನೂ ಕೇಳಬೇಕಿಲ್ಲ.