ಲೀಸ್ ಲಾರಿ: ಸಹಿಗೆ ಮೊದಲು ಒಂದು ಲೆಕ್ಕ

ಬೀದರ್ ಕಡೆ ದುಡಿಯುವ ನಮ್ಮ ಹುಡುಗರು ಈಗೀಗ ಕೇಳುವ ಮಾತು: "ಉಸ್ತಾದರೇ, ಎಷ್ಟು ದಿನ ಬೇರೆಯವರ ಲಾರಿ ಓಡಿಸುವುದು? ಲೀಸ್‌ಗೆ ಒಂದು ತಗೊಂಡ್ರೆ ನಾವೇ ಓನರ್ ಅಲ್ವಾ?" ಆಸೆ ಹಲಾಲ್ ಆದದ್ದೇ. ಆದರೆ ಲೀಸ್‌ನಲ್ಲಿ ಆರ್‌ಸಿ ಮಾಲಕರ ಹೆಸರಲ್ಲೇ ಇರುತ್ತದೆ. ನಮ್ಮ ಪಾಲಿಗೆ ಡೀಸೆಲ್, ಟೋಲ್, ತಿಂಗಳ ಬಾಡಿಗೆ.

ಭಾಲ್ಕಿಯಲ್ಲಿ ಕಬ್ಬು ನುರಿಸುವ ತಿಂಗಳುಗಳಲ್ಲಿ ಲಾರಿಗೆ ಬಿಡುವಿಲ್ಲ. ಔರಾದ್‌ನಲ್ಲಿ ಸೋಯಾ, ತೊಗರಿ ಬಂದಾಗಲೂ ಹಾಗೆಯೇ. ಆಮೇಲೆ? ಬಾಡಿಗೆ ತಿಂಗಳಿಗೆ 40 ಸಾವಿರ ಅಂತಿಟ್ಟುಕೊಳ್ಳಿ, ವರ್ಷಕ್ಕೆ 4.80 ಲಕ್ಷ. ಕೈತುಂಬ ಕೆಲಸ 5 ತಿಂಗಳು ಮಾತ್ರ ಅಂದರೆ ಆ ಒಂದೊಂದು ತಿಂಗಳೂ ಬಾಡಿಗೆಗೇ 96 ಸಾವಿರ ತೆಗೆದಿಡಬೇಕು. ಮನೆ ಖರ್ಚು ಇನ್ನೂ ಲೆಕ್ಕಕ್ಕೆ ಬಂದಿಲ್ಲ! ಔರಾದ್ ದಾಟಿದರೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಪರ್ಮಿಟ್ ನೋಡದೆ ಲೋಡ್ ಒಪ್ಪಿಕೊಳ್ಳುವಂತಿಲ್ಲ. 8 ವರ್ಷ ದಾಟಿದ ಲಾರಿಗೆ ಪ್ರತಿವರ್ಷ ಎಫ್‌ಸಿ ಬೇರೆ.

ಇನ್ನು ಶರೀಅತ್. ಇಜಾರದಲ್ಲಿ ವಸ್ತುವಿನ ಹೊಣೆ ಮಾಲಕರದ್ದು. ಕೊನೆಗೆ ಸ್ವಂತವಾಗುವ ಲೀಸ್‌ಗೂ ಇದೇ ಶರ್ತವೆಂದು 2000ರಲ್ಲಿ ರಿಯಾದ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ ಹೇಳಿದೆ. ಚಾಲಕನ ತಪ್ಪಿಲ್ಲದೆ ಇಂಜಿನ್ ಹೋದರೂ ಖರ್ಚು ಅವನ ತಲೆಗೆ ಕಟ್ಟುವ, ಬಾಡಿಗೆ ತಡವಾದರೆ ಬಡ್ಡಿ ಹಾಕುವ ಕಾಗದಕ್ಕೆ ಸಹಿ ಹಾಕಿ ಅಂತ ನಾವಂತೂ ಹೇಳುವುದಿಲ್ಲ. ಲಾರಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ಯಾರದು, ಅದನ್ನೂ ಬರೆಸಿಕೊಳ್ಳಿ. "ಕಾಕ ನಮ್ಮವರೇ ಅಲ್ವಾ" ಅಂತ ಬಾಯಿಮಾತಲ್ಲೇ ಮುಗಿಸುವವರು ಅಲ್‌ಬಕರದ 282ನೇ ಆಯತ್ ಒಮ್ಮೆ ನೋಡಲಿ. ಸಾಲದ ವ್ಯವಹಾರ ಬರೆದಿಡಲು, ಸಾಕ್ಷಿ ಇಡಲು ಅಲ್ಲಿ ಆಜ್ಞೆಯಿದೆ.

ಖಾಯಂ ಲೋಡ್ ಕೊಡುವ ಪಾರ್ಟಿ ಇಲ್ಲದವರು ಇನ್ನೊಂದು ಸೀಸನ್ ಸಂಬಳಕ್ಕೇ ಓಡಿಸಲಿ.