ಬೈಕಿನ ಹಳದಿ ದೀಪ ಹೇಳುವುದೇನು?

ಜೂನ್ ತಿಂಗಳ ಮೊದಲ ಮಳೆ ಬಿದ್ದು ಹತ್ತು ನಿಮಿಷವಾಗಿರುವುದಿಲ್ಲ. ಬೇಸಿಗೆಯುದ್ದಕ್ಕೂ ಡಾಂಬರು ರಸ್ತೆಯ ಮೇಲೆ ಕೂತಿದ್ದ ಧೂಳು, ಲಾರಿಗಳು ತೊಟ್ಟಿಕ್ಕಿಸಿದ ಎಣ್ಣೆ, ಟಯರು ಸವೆದು ಉದುರಿದ ರಬ್ಬರಿನ ಪುಡಿ ಎಲ್ಲವೂ ನೀರಿನೊಡನೆ ಕಲೆತು ರಸ್ತೆಗೆ ಸಾಬೂನು ಬಳಿದಂತಾಗಿರುತ್ತದೆ. ಅಷ್ಟರಲ್ಲಿ ದನವೊಂದು ಅಡ್ಡ ಬರುತ್ತದೆ. ಬೈಕ್ ಸವಾರ ಗಾಬರಿಯಿಂದ ಬ್ರೇಕನ್ನು ಗಟ್ಟಿಯಾಗಿ ಅದುಮುತ್ತಾನೆ. ಮುಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಆದರೆ ಬೈಕ್ ನಿಲ್ಲುವುದಿಲ್ಲ! ಕಣ್ಣು ಮಿಟುಕಿಸುವುದರಲ್ಲಿ ಬೈಕ್ ಒಂದು ಕಡೆ, ಸವಾರ ಇನ್ನೊಂದು ಕಡೆ.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಎಲ್ಲ ಸಾವುಗಳಿಗೂ ಬ್ರೇಕೇ ಕಾರಣವೆನ್ನುವಂತಿಲ್ಲ. ಆದರೆ ಚಕ್ರ ಕಚ್ಚಿಕೊಂಡು ಬೈಕ್ ಜಾರುವುದನ್ನು ತಪ್ಪಿಸುವ ಉಪಾಯವೊಂದು ಈಗ ಸಾಮಾನ್ಯ ಬೈಕುಗಳಿಗೂ ಬಂದಿದೆ. ಅದೇ ಎಬಿಎಸ್. 125 ಸಿಸಿಗಿಂತ ಹೆಚ್ಚಿನ ಎಂಜಿನ್ ಸಾಮರ್ಥ್ಯವಿರುವ ಹೊಸ ಮಾದರಿಯ ಬೈಕುಗಳಿಗೆ 2018ರ ಏಪ್ರಿಲ್ 1ರಿಂದ, ಅದಾಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ಇದು ಕಡ್ಡಾಯವಾಯಿತು.

ಬೈಕ್ ಕೊಳ್ಳುವಾಗ ಎಬಿಎಸ್ ಇದೆಯೇ ಎಂದು ಕೇಳಿ ಕೊಳ್ಳುವ ಸವಾರರು, ಕೊಂಡ ಮೇಲೆ ಅದನ್ನು ಮರೆತುಬಿಡುತ್ತಾರೆ. ಮೀಟರಿನಲ್ಲಿ ಅದರ ಹಳದಿ ದೀಪ ಹತ್ತಿ ಉರಿಯುತ್ತಿದ್ದರೂ ತಿಂಗಳುಗಟ್ಟಲೆ ಹಾಗೆಯೇ ಓಡಿಸುತ್ತಾರೆ. 'ಆ ಲೈಟು ಉರಿತಾನೇ ಇರುತ್ತೆ, ಬಿಡಿ ಅಣ್ಣಾ. ಬ್ರೇಕ್ ಹಿಡಿಯುತ್ತಲ್ಲ, ಸಾಕು' ಎಂಬ ಸಮಾಧಾನ ಗ್ಯಾರೇಜುಗಳಲ್ಲಿ ಸಿಗುತ್ತದೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಅಪಾಯವಿರುವುದು ಉಳಿದರ್ಧದಲ್ಲಿ.

ಬೀರು ತಳ್ಳಿ ನೋಡಿ

ಮನೆಯಲ್ಲಿರುವ ಭಾರವಾದ ಬೀರುವನ್ನು ತಳ್ಳಿ ನೋಡಿ. ಮೊದಲು ಅದು ಅಲುಗುವುದೇ ಇಲ್ಲ. ಒಮ್ಮೆ ಜಾರಲು ತೊಡಗಿದರೆ ಅಷ್ಟು ಬಲ ಬೇಕಾಗುವುದಿಲ್ಲ. ನಿಂತ ವಸ್ತುವಿನ ಘರ್ಷಣೆ ಹೆಚ್ಚು, ಜಾರುವ ವಸ್ತುವಿನ ಘರ್ಷಣೆ ಕಡಿಮೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಟಯರಿನ ಕಥೆಯೂ ಇಂಥದ್ದೇ. ಉರುಳುವ ಚಕ್ರದಲ್ಲಿ ರಸ್ತೆಗೆ ತಾಗಿದ ರಬ್ಬರು ಆ ಕ್ಷಣಕ್ಕೆ ರಸ್ತೆಯನ್ನು ಕಚ್ಚಿ ನಿಂತಿರುತ್ತದೆ. ಚಕ್ರದ ಉರುಳುವಿಕೆ ಪೂರ್ತಿ ನಿಂತರೆ ಆ ರಬ್ಬರು ರಸ್ತೆಯ ಮೇಲೆ ಬರಿದೇ ಉಜ್ಜಿಕೊಂಡು ಹೋಗುತ್ತದೆ. ಚಕ್ರದ ವೇಗ ಬೈಕಿನ ವೇಗಕ್ಕಿಂತ ಶೇಕಡ 10ರಿಂದ 20ರಷ್ಟು ಕಡಿಮೆಯಿರುವಾಗ ಹಿಡಿತ ಅತಿ ಹೆಚ್ಚು. ಅದನ್ನು ಮೀರಿದರೆ ಹಿಡಿತ ಇಳಿಯತೊಡಗುತ್ತದೆ.

ಕಾರಿನ ಚಕ್ರ ಕಚ್ಚಿಕೊಂಡರೆ ಕಾರು ಜಾರಬಹುದು, ಬೀಳುವುದಿಲ್ಲ. ಬೈಕ್ ಹಾಗಲ್ಲ. ಹ್ಯಾಂಡಲ್ಲು ಸದಾ ಅತ್ತಿತ್ತ ಕೊಂಚ ಕೊಂಚ ತಿರುಗುತ್ತಿರುವುದರಿಂದಲೇ ಬೈಕ್ ನೆಟ್ಟಗೆ ನಿಂತಿರುತ್ತದೆ. ಉರುಳದ ಚಕ್ರವನ್ನು ಎತ್ತ ತಿರುಗಿಸಿದರೂ ಪ್ರಯೋಜನವಿಲ್ಲ. ಆದ್ದರಿಂದಲೇ ಮುಂದಿನ ಚಕ್ರ ಕಚ್ಚಿಕೊಂಡರೆ ಬೀಳದೆ ಉಳಿಯುವುದು ಬಹಳ ಕಷ್ಟ.

ವಿಮಾನದಿಂದ ಬೈಕಿಗೆ

ಈ ಉಪಾಯ ಮೊದಲು ಬಳಕೆಗೆ ಬಂದದ್ದು ವಿಮಾನಗಳಲ್ಲಿ. ರನ್‌ವೇ ಮೇಲೆ ಇಳಿಯುವಾಗ ಚಕ್ರ ಕಚ್ಚಿಕೊಂಡು ಟಯರು ಸಿಡಿಯದಂತೆ ತಡೆಯಲು ಡನ್‌ಲಪ್ ಕಂಪೆನಿ ರೂಪಿಸಿದ 'ಮ್ಯಾಕ್ಸರೆಟ್' ಎಂಬ ಸಾಧನ 1950ರ ದಶಕದಲ್ಲಿ ಹೆಸರು ಮಾಡಿತು. 1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯ ಅದನ್ನು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ ಬೈಕಿಗೆ ಜೋಡಿಸಿ ಪರೀಕ್ಷಿಸಿತು. ಫಲಿತಾಂಶ ಚೆನ್ನಾಗಿಯೇ ಇತ್ತು. ಆದರೆ ಅದು ಮಾರುಕಟ್ಟೆಗೆ ಬರಲಿಲ್ಲ. ಮೂವತ್ತು ವರ್ಷಗಳ ನಂತರ, 1988ರಲ್ಲಿ, ಜರ್ಮನಿಯ ಬಿಎಂಡಬ್ಲ್ಯು ತನ್ನ ಕೆ100 ಬೈಕುಗಳಿಗೆ ವಿದ್ಯುನ್ಮಾನ ಎಬಿಎಸ್ ಅಳವಡಿಸಿತು. ಆಗ ಅದರ ತೂಕ ಸುಮಾರು 11 ಕಿಲೋ! ಇಂದಿನ ಸಣ್ಣ ಘಟಕಗಳು ಒಂದು ಕಿಲೋಗಿಂತಲೂ ಹಗುರ.

ಕೆಲಸ ಮಾಡುವ ಬಗೆ ಸರಳ. ಚಕ್ರದ ಜೊತೆಗೇ ತಿರುಗುವ, ಸುತ್ತಲೂ ತೂತುಗಳಿರುವ ಒಂದು ಉಕ್ಕಿನ ಬಳೆ. ಅದರ ಪಕ್ಕದಲ್ಲಿ, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ, ಹೆಬ್ಬೆರಳ ತುದಿಯಷ್ಟು ದೊಡ್ಡದಾದ ಸೆನ್ಸರ್. ಪ್ರತಿ ತೂತು ಮುಂದೆ ಹಾದಾಗಲೂ ಸೆನ್ಸರಿನಿಂದ ಒಂದು ವಿದ್ಯುತ್ ಸಂಕೇತ ಹೊರಡುತ್ತದೆ. ಈ ಸಂಕೇತಗಳನ್ನು ಎಣಿಸಿ ಪುಟ್ಟ ಕಂಪ್ಯೂಟರ್ ಚಕ್ರದ ವೇಗ ತಿಳಿಯುತ್ತದೆ. ಚಕ್ರ ಇದ್ದಕ್ಕಿದ್ದಂತೆ ನಿಧಾನವಾಗಿ ಕಚ್ಚಿಕೊಳ್ಳುವ ಸೂಚನೆ ಕಂಡರೆ, ಬ್ರೇಕ್ ಆಯಿಲ್ ಹೋಗುವ ದಾರಿಯ ಒಂದು ಕವಾಟ ಮುಚ್ಚಿ ಇನ್ನೊಂದು ತೆರೆಯುತ್ತದೆ. ಒತ್ತಡ ಇಳಿದು ಚಕ್ರ ಮತ್ತೆ ಉರುಳುತ್ತದೆ. ತಕ್ಷಣ ಮತ್ತೆ ಒತ್ತಡ ಏರುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಬಾರಿ ಈ ಬಿಗಿ ಸಡಿಲ ನಡೆಯುತ್ತದೆ. ಆಗ ಲಿವರ್ ಬೆರಳಿಗೆ ಡಬ ಡಬ ಬಡಿದಂತಾಗುತ್ತದೆ. ಏನೋ ಕೆಟ್ಟಿತೆಂದು ಬೆದರಿ ಕೈ ಸಡಿಲಿಸುವವರಿದ್ದಾರೆ. ಹಾಗೆ ಮಾಡಬಾರದು. ಬಿಗಿಯಾಗಿ ಹಿಡಿದೇ ಇರಬೇಕು.

ಎಬಿಎಸ್ ತಾನಾಗಿ ಬ್ರೇಕ್ ಹಾಕುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸವಾರನ ಕೈ ಅತಿಯಾದಾಗ ಅದನ್ನು ತಡೆಯುವುದಷ್ಟೇ ಅದರ ಕೆಲಸ. ಬೈಕನ್ನು ನಿಲ್ಲಿಸುವುದು ಇಂದಿಗೂ ಪ್ಯಾಡು, ಡಿಸ್ಕು, ಆಯಿಲ್ ಮತ್ತು ಟಯರು.

ದೀಪದ ಭಾಷೆ

ಕೀಲಿ ತಿರುಗಿಸಿದೊಡನೆ ಎಬಿಎಸ್ ದೀಪ ಹತ್ತಬೇಕು. ಬೈಕ್ ಹೊರಟು ಗಂಟೆಗೆ ಐದು ಹತ್ತು ಕಿಲೋಮೀಟರ್ ವೇಗ ಬರುತ್ತಲೇ ಆರಬೇಕು. ಅಷ್ಟರಲ್ಲಿ ಕಂಪ್ಯೂಟರ್ ತನ್ನ ಸೆನ್ಸರುಗಳನ್ನು ಪರೀಕ್ಷಿಸಿಕೊಂಡಿರುತ್ತದೆ. ದೀಪ ಆರದಿದ್ದರೆ, ಅಥವಾ ಓಡುತ್ತಿರುವಾಗ ಮತ್ತೆ ಹತ್ತಿದರೆ, ಎಲ್ಲೋ ದೋಷವಿದೆ, ಎಬಿಎಸ್ ಕೆಲಸ ನಿಲ್ಲಿಸಿದೆ ಎಂದರ್ಥ. ಸಾಮಾನ್ಯ ಬ್ರೇಕು ಮಾತ್ರ ಎಂದಿನಂತೆ ಹಿಡಿಯುತ್ತದೆ. ಗ್ಯಾರೇಜಿನ ಮಾತಿನಲ್ಲಿರುವ ಅರ್ಧ ನಿಜ ಇದೇ.

ಉಳಿದರ್ಧ ಯಾವುದು? ಎಬಿಎಸ್ಸಿಗೆ ಒಗ್ಗಿದ ಕೈ ಗಾಬರಿಯಲ್ಲಿ ಲಿವರನ್ನು ಪೂರ್ತಿ ಅದುಮುವುದನ್ನು ರೂಢಿಸಿಕೊಂಡಿರುತ್ತದೆ. ಕಾಯುವವನು ರಜೆಯಲ್ಲಿದ್ದಾನೆಂಬುದು ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಹಾಗಾಗಿ ಕೆಟ್ಟ ಎಬಿಎಸ್ ಇರುವ ಬೈಕು, ಎಬಿಎಸ್ಸೇ ಇಲ್ಲದ ಹಳೆಯ ಬೈಕಿಗಿಂತ ಒಮ್ಮೊಮ್ಮೆ ಹೆಚ್ಚು ಅಪಾಯಕಾರಿ. ದೀಪ ಉರಿಯುತ್ತಿರುವಷ್ಟು ದಿನ ನಿಧಾನವಾಗಿ ಹೋಗಬೇಕು. ಮುಂದಿನ ವಾಹನದಿಂದ ಹೆಚ್ಚು ದೂರವಿರಬೇಕು. ಬ್ರೇಕನ್ನು ಹಂತಹಂತವಾಗಿ ಹಿಡಿಯಬೇಕು.

ಸಾಮಾನ್ಯ ಕಾರಣಗಳು

ದೀಪ ಹತ್ತಿತೆಂದರೆ ಸಾವಿರಾರು ರೂಪಾಯಿಯ ಘಟಕವೇ ಕೆಟ್ಟಿತೆಂದು ಹೆದರಬೇಕಿಲ್ಲ. ತಪ್ಪು ಸಣ್ಣ ಜಾಗದಲ್ಲಿರುವುದೇ ಹೆಚ್ಚು. ಸುಲಭವಾದುದರಿಂದ ಹುಡುಕಲು ಆರಂಭಿಸಬೇಕು.

ಮೊದಲು ಬೈಕನ್ನು ನಿಲ್ಲಿಸಿ, ಕೀಲಿ ಆಫ್ ಮಾಡಿ ಮತ್ತೆ ಆನ್ ಮಾಡಿ, ಸ್ವಲ್ಪ ದೂರ ಓಡಿಸಿ ನೋಡಿ. ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನ್ನಿನಿಂದ ಹಿಂದಿನ ಚಕ್ರ ತಿರುಗಿಸಿದ್ದರೆ, ಹಿಂಚಕ್ರ ಓಡುತ್ತಿದೆ, ಮುಂಚಕ್ರ ನಿಂತಿದೆ ಎಂದು ಕಂಪ್ಯೂಟರ್ ಗೊಂದಲಗೊಂಡು ದೀಪ ಹತ್ತಿಸಿರಬಹುದು. ಅಂಥ ದೀಪ ಇಷ್ಟಕ್ಕೇ ಆರುತ್ತದೆ.

ಆರದಿದ್ದರೆ ಬಳೆ ಮತ್ತು ಸೆನ್ಸರ್ ನೋಡಿ. ಗದ್ದೆ ಬದಿಯ ಕೆಸರು ತೂತುಗಳಲ್ಲಿ ಮೆತ್ತಿ ಒಣಗಿರಬಹುದು. ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಅಂಟಿರಬಹುದು. ನೀರಿನಲ್ಲಿ ನೆನೆಸಿದ ಮೆದು ಬಟ್ಟೆಯಿಂದ ಒರೆಸಿದರೆ ಸಾಕು. ಸ್ಕ್ರೂಡ್ರೈವರಿನಿಂದ ಕೆರೆಯುವುದು ಬೇಡ. ವಾಟರ್ ಸರ್ವೀಸಿನಲ್ಲಿ ಜೋರು ನೀರನ್ನು ಸೆನ್ಸರಿಗೂ ವೈರಿನ ಜೋಡಣೆಗೂ ನೇರವಾಗಿ ಹಾಯಿಸದಂತೆ ಹೇಳಬೇಕು.

ಪಂಕ್ಚರ್ ಹಾಕಿಸಿದ ಮರುದಿನವೇ ದೀಪ ಹತ್ತಿದ್ದರೆ ಕಾರಣ ಊಹಿಸಬಹುದು. ಟಯರು ಬಿಚ್ಚುವ ಸಲಾಕೆ ತಾಗಿ ಬಳೆ ಬಾಗಿರಬಹುದು. ಸೆನ್ಸರ್ ಸರಿಯಾಗಿ ಕೂರದೆ ಅಂತರ ಹೆಚ್ಚಿರಬಹುದು. ವೈರನ್ನು ಕ್ಲಿಪ್ಪಿಗೆ ಸಿಕ್ಕಿಸದೆ ಬಿಟ್ಟಿದ್ದರೆ ಅದು ಚಕ್ರಕ್ಕೆ ಉಜ್ಜಿ ತುಂಡಾಗಿರಬಹುದು. ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ದೊಡ್ಡದೇ. ಮೂಲ ಅಳತೆಯದಲ್ಲದ ಟಯರು ಹಾಕಿಸಿದರೂ ಚಕ್ರದ ಸುತ್ತಳತೆ ಬದಲಾಗಿ ಕಂಪ್ಯೂಟರಿನ ಲೆಕ್ಕ ತಪ್ಪಬಹುದು.

ನಂತರ ಬ್ಯಾಟರಿ ಮತ್ತು ಫ್ಯೂಸ್. ಹಳೆಯ ಬ್ಯಾಟರಿಯಲ್ಲಿ ವೋಲ್ಟೇಜ್ ಕುಸಿದರೆ ಎಬಿಎಸ್ ತಾನೇ ಹಿಂದೆ ಸರಿಯುತ್ತದೆ. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ತಾಮ್ರದ ಎಳೆ ಸುತ್ತುವ ಚಾಳಿ ಇಲ್ಲಿ ಸಲ್ಲದು. ಮತ್ತೆ ಮತ್ತೆ ಸುಟ್ಟರೆ ವೈರಿಂಗಿನಲ್ಲಿ ಶಾರ್ಟ್ ಇದೆ ಎಂದರ್ಥ. ಮಳೆಗಾಲದಲ್ಲಿ ವೈರಿನ ಜೋಡಣೆಗಳೊಳಗೆ ಹಸಿರು ಕಿಲುಬು ಹಿಡಿಯುವುದೂ ಉಂಟು.

ಇವೆಲ್ಲ ಸರಿಯಿದ್ದೂ ದೀಪ ಉರಿದರೆ ಸರ್ವೀಸ್ ಸೆಂಟರಿಗೆ ಹೋಗಲೇಬೇಕು. ಕಂಪ್ಯೂಟರ್ ತನ್ನ ನೆನಪಿನಲ್ಲಿಟ್ಟುಕೊಂಡ ದೋಷವನ್ನು ಅಲ್ಲಿಯ ಸಾಧನ ಓದಿ ಹೇಳುತ್ತದೆ. ಮನೆಯಲ್ಲಿ ಘಟಕವನ್ನು ಬಿಚ್ಚುವ ಸಾಹಸ ಬೇಡ.

ಆಯಿಲ್ ಕುಡಿಯುವ ನೀರು

ದೀಪ ತೋರಿಸದ ದೋಷಗಳೂ ಇವೆ. ಅವುಗಳಲ್ಲಿ ಮುಖ್ಯವಾದುದು ಬ್ರೇಕ್ ಆಯಿಲ್. ಹೆಸರು ಆಯಿಲ್ ಎಂದಿದ್ದರೂ ಅದು ಎಂಜಿನ್ ಆಯಿಲ್ ಜಾತಿಯದಲ್ಲ. ಗಾಳಿಯಲ್ಲಿನ ತೇವವನ್ನು ಹೀರುವುದು ಅದರ ಸ್ವಭಾವ. ಮುಚ್ಚಳದ ಸಂದಿನಿಂದ, ರಬ್ಬರ್ ಕೊಳವೆಯ ಮೂಲಕ ನೀರಿನಂಶ ಮೆಲ್ಲಗೆ ಒಳಸೇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬುದು ಮಾನದಂಡ. ಸುಮಾರು ಶೇಕಡ 3.7ರಷ್ಟು ನೀರು ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ.

ಆಗುಂಬೆಯಂಥ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬ್ರೇಕ್ ಹಿಡಿದುಕೊಂಡೇ ಇಳಿದರೆ ಡಿಸ್ಕ್ ಕೆಂಡದಂತೆ ಕಾಯುತ್ತದೆ. ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆಗಳೆದ್ದರೆ ಲಿವರ್ ಹಿಟ್ಟಿನಂತೆ ಮೆತ್ತಗಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಬೆರಳಿನ ಬಲವೆಲ್ಲ ಗುಳ್ಳೆ ಒತ್ತುವುದರಲ್ಲೇ ಮುಗಿಯುತ್ತದೆ. ಇಂಥ ಹೊತ್ತಿನಲ್ಲಿ ಎಬಿಎಸ್ ಏನೂ ಮಾಡಲಾರದು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುವುದು ಇದಕ್ಕೇ.

ಎರಡು ವರ್ಷಕ್ಕೊಮ್ಮೆ, ಅಥವಾ ಬೈಕಿನ ಕೈಪಿಡಿಯಲ್ಲಿ ಹೇಳಿದ ಅವಧಿಗೆ, ಆಯಿಲ್ ಬದಲಿಸಬೇಕು. ಜೇನಿನ ಬಣ್ಣದ ಆಯಿಲ್ ಕಾಫಿ ಡಿಕಾಕ್ಷನ್ನಿನಂತಾಗಿದ್ದರೆ ಅವಧಿಗೆ ಕಾಯುವುದೂ ಬೇಡ. ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯನ್ನೇ, ಸೀಲ್ ಒಡೆಯದ ಹೊಸ ಬಾಟಲಿಯಿಂದಲೇ ಹಾಕಿಸಬೇಕು. ಅಪ್ಪಿತಪ್ಪಿ ಎಂಜಿನ್ ಆಯಿಲ್ ಬಿದ್ದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಅದನ್ನು ಹೊರತೆಗೆಯಲು ಕೆಲವು ಮಾದರಿಗಳಲ್ಲಿ ಸರ್ವೀಸ್ ಸೆಂಟರಿನ ಸಾಧನವೇ ಬೇಕು.

ಪ್ಯಾಡಿನಲ್ಲಿ ಸವೆತ ಸೂಚಿಸುವ ಗೀರು ಮಾಯವಾಗಿದ್ದರೆ ಬದಲಿಸಬೇಕು. ಚೈನಿಗೆ ಎಣ್ಣೆ ಬಿಡುವಾಗ ಡಿಸ್ಕಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಬೋಳು ಟಯರಿಗೆ ಯಾವ ಎಬಿಎಸ್ಸೂ ಹಿಡಿತ ಕೊಡಲಾರದು.

ಮಿತಿ ತಿಳಿದಿರಲಿ

ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಬೆರಳು ಲಿವರ್ ಮುಟ್ಟಲು ಒಂದು ಸೆಕೆಂಡು ಹಿಡಿದರೆ ಅಷ್ಟು ದೂರ ಹೋಗಿಯೇ ಆಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಘರ್ಷಣಾಂಕ 0.7 ಎಂದಿಟ್ಟುಕೊಂಡರೆ ಇನ್ನೂ 20 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ ಅದು 0.4ಕ್ಕೆ ಇಳಿದರೆ 35 ಮೀಟರ್. ಈ ಲೆಕ್ಕವನ್ನು ಎಬಿಎಸ್ ಬದಲಿಸಲಾರದು. ಜಲ್ಲಿ, ಮರಳಿನ ಮೇಲೆ ಅದು ನಿಲ್ಲುವ ದೂರವನ್ನು ಹೆಚ್ಚಿಸುವುದೂ ಉಂಟು. ತಿರುವಿನಲ್ಲಿ ಬೈಕ್ ವಾಲಿರುವಾಗ ಸಾಮಾನ್ಯ ಎಬಿಎಸ್ಸಿನ ನೆರವು ಕಡಿಮೆ. ಒಂದೇ ಚಾನೆಲ್ಲಿನ ಎಬಿಎಸ್ ಇರುವ ಬೈಕುಗಳಲ್ಲಿ ಅದು ಮುಂದಿನ ಚಕ್ರವನ್ನಷ್ಟೇ ಕಾಯುತ್ತದೆ. ಹಿಂದಿನದು ಎಂದಿನಂತೆ ಕಚ್ಚಿಕೊಳ್ಳಬಹುದು.

ಹಳೆಯ ಬೈಕ್ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹತ್ತದೇ ಇದ್ದರೆ ಸಂತೋಷಪಡಬೇಡಿ. ದೋಷ ಮುಚ್ಚಲು ಯಾರೋ ದೀಪವನ್ನೇ ಕಿತ್ತಿರಬಹುದು. ಹತ್ತಬೇಕು, ಹೊರಟ ಮೇಲೆ ಆರಬೇಕು. ಎರಡೂ ನಡೆದರೆ ಮಾತ್ರ ಮುಂದಿನ ಮಾತು.

ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಕೈಯಾಡಿಸುವ ರೂಢಿ ನಮ್ಮಲ್ಲಿದೆ. ಅದೇ ದಿನ ಅರ್ಧ ಗಂಟೆ ಬೈಕಿನ ಮುಂದೆ ಕುಳಿತು ಆ ಬಳೆಯನ್ನು ಒರೆಸಿ, ಆಯಿಲಿನ ಬಣ್ಣ ನೋಡಿದರೆ ಖರ್ಚು ಒಂದು ಹಳೆ ಬಟ್ಟೆಯದು ಮಾತ್ರ. ಸೋರುವ ಹೆಂಚು ಹಾಸಿಗೆಯನ್ನಷ್ಟೇ ನೆನೆಸುತ್ತದೆ. ಉರಿಯುವ ಹಳದಿ ದೀಪವನ್ನು ಕಂಡೂ ಕಾಣದಂತೆ ಹೋದವರು ಮನೆಗೆ ಬರುತ್ತಾರೆಂಬ ಖಾತರಿ ಇಲ್ಲ.