ಪಾಠಪೀಠವೂ ಬಣ್ಣದ ಬದುಕೂ

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಹಗಲು ಶಾಲೆಯಲ್ಲಿ ಪಾಠ ಹೇಳಿ, ರಾತ್ರಿ ‘ಕುರುಕ್ಷೇತ್ರ’ ನಾಟಕದಲ್ಲಿ ದುರ್ಯೋಧನನಾಗಿ ನಿಲ್ಲುವ ಉಪಾಧ್ಯಾಯರು ಅಪೂರ್ವವಲ್ಲ. ಅದು ಎಂದೋ ಒಂದು ರಾತ್ರಿಯ ಸಂಭ್ರಮ. ಆದರೆ ಮಗನೋ ಮಗಳೋ ಅಧ್ಯಾಪನ, ಅಭಿನಯ, ಚಿತ್ರನಿರ್ಮಾಣ ಮೂರನ್ನೂ ವೃತ್ತಿಯಾಗಿ ನಡೆಸುವೆನೆಂದರೆ ಗೃಹಸ್ಥರಿಗೆ ಚಿಂತೆ ಹುಟ್ಟುವುದು ಸಹಜ. ಅಂಥವರು ಪಿ. ಲಂಕೇಶರ ಜೀವನವನ್ನು ಪರಾಂಬರಿಸುವುದು ಯುಕ್ತವೆಂದು ನಾವು ಬಗೆಯುತ್ತೇವೆ.

1935ರಲ್ಲಿ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಜನಿಸಿದ ಇವರು ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. 1970ರ ‘ಸಂಸ್ಕಾರ’ ಚಿತ್ರದಲ್ಲಿ ನಾರಣಪ್ಪನ ಪಾತ್ರವನ್ನು ವಹಿಸಿದರು. ಅದರ ಮೂಲ ಕಾದಂಬರಿಯನ್ನು ಬರೆದ ಯು. ಆರ್. ಅನಂತಮೂರ್ತಿಯವರೂ ಇಂಗ್ಲಿಷ್ ಅಧ್ಯಾಪಕರೇ. ಸೆನ್ಸಾರಿನವರು ಮೊದಲು ತಡೆದ ಆ ಚಿತ್ರವೇ ಬಳಿಕ ರಾಷ್ಟ್ರಪತಿಗಳ ಸುವರ್ಣ ಪದಕವನ್ನು ಪಡೆಯಿತು. ಲಂಕೇಶರು ತಮ್ಮ ‘ಬಿರುಕು’ ಕಾದಂಬರಿಯನ್ನಾಧರಿಸಿ 1976ರಲ್ಲಿ ‘ಪಲ್ಲವಿ’ಯನ್ನು ನಿರ್ದೇಶಿಸಿ, ಶ್ರೇಷ್ಠ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು.

ಆದರೆ ಮೂರನ್ನೂ ಕೊನೆಯವರೆಗೆ ಹೊರಲಾಗಲಿಲ್ಲ. ಅಭಿನಯವು ರಜೆಯ ದಿನಗಳಲ್ಲಿ ಅಡಗಬಹುದು, ನಿರ್ದೇಶನ ಹಾಗಲ್ಲ. ಚಿತ್ರೀಕರಣ, ಸಂಕಲನ, ಬಿಡುಗಡೆ ಎಂದು ತಿಂಗಳುಗಳೇ ಸಲ್ಲುತ್ತವೆ. ಪರರ ಹಣದ ಹೊಣೆಯೂ ಉಂಟು. ಕಾಲೇಜಿನ ಗಂಟೆಯಾದರೋ ಯಾರಿಗೂ ಕಾಯದು. ಲಂಕೇಶರು ಅಧ್ಯಾಪನವನ್ನೇ ತೊರೆದರು. 1980ರಲ್ಲಿ ‘ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದರು.

ಅವರ ಪತ್ನಿ ಇಂದಿರಾ ಅವರು ಸೀರೆಯ ವ್ಯಾಪಾರ ನಡೆಸಿದರೆಂಬುದನ್ನು ಗೃಹಸ್ಥರು ಮರೆಯಲಾಗದು. ಒಬ್ಬರ ಸಾಹಸಕ್ಕೆ ಇನ್ನೊಬ್ಬರ ದುಡಿಮೆ ಊರೆಗೋಲಾಗುತ್ತದೆ. ಆದಕಾರಣ ಮಕ್ಕಳ ಕಲಾಸಕ್ತಿಯನ್ನು ಹಳಿಯುವುದು ಬೇಡ. ಯಾವುದನ್ನು ಎಂದು ಬಿಡಬೇಕು, ಅಷ್ಟರಲ್ಲಿ ಮನೆಯ ಭಾರವನ್ನು ಯಾರು ಹೊರಬೇಕು ಎಂಬುದನ್ನು ಎಲ್ಲರೂ ಕೂಡಿ ಮೊದಲೇ ನಿಶ್ಚಯಿಸಿಕೊಳ್ಳಲಿ. ವಿದ್ಯಾರ್ಥಿಗಳ ಪಾಠಕ್ಕೆ ಮಾತ್ರ ಎಂದೂ ಲೋಪ ಬಾರದಿರಲಿ.